ಸಹಾಯ ಬೇಕು: ನಾಲ್ಕು ವರ್ಷದ ಮಗಳೊಂದಿಗೆ ಹಂಪಿ ಪ್ರವಾಸ

ಎಲ್ಲರಿಗೂ ನಮಸ್ಕಾರ. 50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಕಲ್ಲಿನ ರಥವನ್ನು ಕಂಡ ದಿನದಿಂದ ನಮ್ಮ ನಾಲ್ಕು ವರ್ಷದ ಮಗಳು ಆ ನೋಟನ್ನು ಮಡಚಿ ತನ್ನ ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡು, ‘ಈ ತೇರು ಎಳೆಯೋಕೆ ಯಾವಾಗ ಹೋಗೋಣ?’ ಎಂದು ದಿನವೂ ಕೇಳುತ್ತಿದ್ದಾಳೆ. ಆದ್ದರಿಂದ ಡಿಸೆಂಬರ್‌ನಲ್ಲಿ ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೊರಟು, ಹೊಸಪೇಟೆಯಲ್ಲಿ ಇಳಿದು ಎರಡು ದಿನ ತಂಗಬೇಕೆಂದಿದ್ದೇವೆ.

ಕಳೆದ ವರ್ಷ ಒಂದು ಕೋಟೆಗೆ ಹೋಗಿದ್ದಾಗ ಮಟಮಟ ಮಧ್ಯಾಹ್ನ ಮಗುವನ್ನು ನಡೆಸಿದ್ದರಿಂದ ಸಂಜೆಗೆ ಜ್ವರವೇ ಬಂದಿತ್ತು. ಆ ತಪ್ಪು ಮರುಕಳಿಸಬಾರದೆಂಬುದೇ ನನ್ನ ದೊಡ್ಡ ಚಿಂತೆ. ಹಾಗಾಗಿ ಮಾತಂಗ ಬೆಟ್ಟವನ್ನು ಕೈಬಿಟ್ಟು, ಮೊದಲ ದಿನ ಬೆಳಿಗ್ಗೆ ವಿಜಯ ವಿಠ್ಠಲ ದೇವಾಲಯ, ಸಂಜೆ ವಿರೂಪಾಕ್ಷನ ದರ್ಶನ, ಮರುದಿನ ಕಮಲ ಮಹಲ್ ಮತ್ತು ಗಜಶಾಲೆ ಎಂದಷ್ಟೇ ಇಟ್ಟುಕೊಂಡಿದ್ದೇವೆ.

ಪುಟ್ಟ ಮಕ್ಕಳೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ವಿಠ್ಠಲ ದೇವಾಲಯದ ಬ್ಯಾಟರಿ ವಾಹನಕ್ಕೆ ಎಷ್ಟು ಹೊತ್ತಿಗೆ ಹೋದರೆ ಸಾಲು ಕಡಿಮೆ ಇರುತ್ತದೆ? ತುಂಗಭದ್ರೆಯ ಹರಿಗೋಲಿನಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೊಡುತ್ತಾರೆಯೇ? ಇಲ್ಲವಾದರೆ ನಾವು ಹತ್ತುವುದಿಲ್ಲ. ಖಾರವಿಲ್ಲದ ಅನ್ನ-ಮೊಸರು ಸಿಗುವ ಜಾಗವಿದ್ದರೆ ಅದನ್ನೂ ಹೇಳಿದರೆ ಉಪಕಾರವಾಗುತ್ತದೆ.