ಲೊರೆನಾ ಒಚೋವಾ: 27 ಗೆಲುವಾ, 27 ಪಾಯಿಂಟಾ? ಹಾಲ್ ಆಫ್ ಫೇಮ್ ಸೇರಿದ್ದು ಯಾವ ವರ್ಷ?

ಮುಳ್ಳೇರಿಯ ಟೀಚರ್

ಗ್ರಂಥಾಲಯದ ರಸಪ್ರಶ್ನೆಗೆ ಮಹಿಳಾ ಕ್ರೀಡಾಪಟುಗಳ ಸುತ್ತು ತಯಾರಾಗ್ತಾ ಉಂಟು. ಪ್ರಶ್ನೆಗಳು ಮಲಯಾಳದಲ್ಲಿ ಬಂದಿವೆ, ಕನ್ನಡಕ್ಕೆ ತರಬೇಕು. ಮೆಕ್ಸಿಕೋದ ಗಾಲ್ಫ್ ಆಟಗಾರ್ತಿ ಲೊರೆನಾ ಒಚೋವಾ ಬಗ್ಗೆ ಇರುವ ಉತ್ತರ ಸೂಚಿಕೆ ಮಾತ್ರ ನಂಬುವ ಹಾಗಿಲ್ಲ.

"27 ಟೂರ್ನಿ ಗೆದ್ದದ್ದರಿಂದ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಅರ್ಹತೆ" ಅಂತ ಉಂಟು. ವರ್ಷ ಒಂದು ಕಡೆ 2017, ಇನ್ನೊಂದು ಕಡೆ 2022. "ಅತಿ ಹೆಚ್ಚು ವಾರ ವಿಶ್ವದ ನಂಬರ್ 1" ಎಂಬುದೂ ಉಂಟು. ಮತ್ತೆ ಹೆಸರು ಒಚೋವಾ ಎಂದೋ ಒಕೋವಾ ಎಂದೋ? ಗೊತ್ತಿದ್ದವರು ಬಿಡಿಸಿ ಹೇಳಿ.

ಚಂದ್ರಗಿರಿ ತೀರ

ಟೀಚರ್, ಗೊಂದಲಕ್ಕೆ ಕಾರಣ 27 ಎಂಬ ಸಂಖ್ಯೆ ಎರಡು ಕಡೆ ಬರುವುದು. ಎಲ್‌ಪಿಜಿಎ ಟೂರ್‌ನಲ್ಲಿ, ಅಂದರೆ ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆ ನಡೆಸುವ ಟೂರ್ನಿಗಳಲ್ಲಿ, ಅವಳ ಒಟ್ಟು ಗೆಲುವು 27. ಎಲ್‌ಪಿಜಿಎ ಹಾಲ್ ಆಫ್ ಫೇಮ್‌ಗೆ ಬೇಕಾದ ಪಾಯಿಂಟ್ ಕೂಡ 27. ಎರಡೂ 27 ಆದದ್ದು ಆಕಸ್ಮಿಕ.

ಪಾಯಿಂಟ್ ಲೆಕ್ಕ ಹೀಗೆ: ಸಾಮಾನ್ಯ ಟೂರ್ನಿ ಗೆದ್ದರೆ 1, ಮೇಜರ್ (ವರ್ಷದ ಅತಿ ದೊಡ್ಡ ಕೆಲವೇ ಟೂರ್ನಿಗಳಲ್ಲಿ ಒಂದು) ಗೆದ್ದರೆ 2. ವರ್ಷದ ಆಟಗಾರ್ತಿ ಪ್ರಶಸ್ತಿಗೆ 1. ವರ್ಷದಲ್ಲಿ ಸುತ್ತಿಗೆ ಸರಾಸರಿ ಅತಿ ಕಡಿಮೆ ಹೊಡೆತ ಬಳಸಿದವಳಿಗೆ ಕೊಡುವ ವೇರ್ ಟ್ರೋಫಿಗೆ ಇನ್ನೊಂದು.

ಅವಳ ಗೆಲುವುಗಳನ್ನು ವರ್ಷವಾರು ಕೂಡಿಸಿ: 2004ರಲ್ಲಿ 2, 2005ರಲ್ಲಿ 1, 2006ರಲ್ಲಿ 6, 2007ರಲ್ಲಿ 8. ಒಟ್ಟು 17. ಅದರಲ್ಲಿ ಒಂದು ಮೇಜರ್, ಅದಕ್ಕೆ ಹೆಚ್ಚುವರಿ 1. ಆ ಹೊತ್ತಿಗೆ ವರ್ಷದ ಆಟಗಾರ್ತಿ ಎರಡು ಸಲ, ವೇರ್ ಟ್ರೋಫಿ ಎರಡು ಸಲ. ಅಲ್ಲಿಗೆ 22. 2008ರಲ್ಲಿ ಮೊದಲ ಎರಡು ಗೆಲುವಿಗೆ 24, ಆಮೇಲೆ ಗೆದ್ದ ಕ್ರಾಫ್ಟ್ ನಬಿಸ್ಕೊ ಟೂರ್ನಿ ಮೇಜರ್ ಆದ್ದರಿಂದ 26, ಏಪ್ರಿಲ್‌ನಲ್ಲಿ ಮೆಕ್ಸಿಕೋದ ಮೊರೆಲಿಯಾದಲ್ಲಿ ಗೆದ್ದಾಗ 27. ಆಗ ಅವಳ ಗೆಲುವು ಬರೀ 21! ಹಾಗಾಗಿ ಸೂಚಿಕೆಯ ವಾಕ್ಯವೇ ತಪ್ಪು, ಹೊಡೆದು ಹಾಕಿ.

ಪಾಯಿಂಟ್ ಆದರೂ ಪ್ರವೇಶ ಆಗಲಿಲ್ಲ. ಟೂರ್‌ನಲ್ಲಿ 10 ವರ್ಷ ಆಡಿರಬೇಕು ಎಂಬ ಇನ್ನೊಂದು ನಿಯಮ ಇತ್ತು. ಅವಳು ಟೂರ್‌ಗೆ ಬಂದದ್ದು 2003ಕ್ಕೆ, ನಿವೃತ್ತಿ 2010ರಲ್ಲಿ, 28ನೇ ವಯಸ್ಸಿಗೆ. ಎಂಟನೇ ಸೀಸನ್ ಕೂಡ ಪೂರ್ತಿ ಆಡಿಲ್ಲ. ಕೊನೆಗೆ ಒಟ್ಟು 37 ಪಾಯಿಂಟ್ ಇದ್ದೂ ಬಾಗಿಲ ಹೊರಗೆ. 2022ರಲ್ಲಿ ಎಲ್‌ಪಿಜಿಎ ಆ 10 ವರ್ಷದ ನಿಯಮ ತೆಗೆದ ಮೇಲೆಯೇ ಒಳಗೆ ಬಂದದ್ದು.

2017 ಬೇರೆ ಸಂಸ್ಥೆಯದ್ದು: ವರ್ಲ್ಡ್ ಗಾಲ್ಫ್ ಹಾಲ್ ಆಫ್ ಫೇಮ್. ಎರಡೂ ವರ್ಷ ಸರಿ, ಸಂಸ್ಥೆಯ ಹೆಸರು ಬಿಟ್ಟರೆ ಎರಡೂ ತಪ್ಪು.

ಪೆರ್ಲದಿಂದ

ನಂಬರ್ 1 ವಿಷಯ: 2007 ಏಪ್ರಿಲ್ 23ರಿಂದ 2010 ಮೇ 2ರವರೆಗೆ, ಒಂದೇ ಸಮ 158 ವಾರ. "ಸತತ" ಅನ್ನುವ ಶಬ್ದ ಸೇರಿಸಲೇಬೇಕು. ಬಿಟ್ಟುಬಿಟ್ಟು ಆಳಿದ ವಾರಗಳನ್ನೂ ಕೂಡಿಸಿದರೆ ದಕ್ಷಿಣ ಕೊರಿಯಾದ ಕೋ ಜಿನ್‌ಯಂಗ್ 2023ರಲ್ಲಿ ಇವಳನ್ನು ದಾಟಿದ್ದಾಳೆ. ಇದು ರಸಪ್ರಶ್ನೆಯಲ್ಲಿ ಜಗಳ ಆಗುವ ಜಾಗ.

ಹೆಸರು ಒಚೋವಾ. ಸ್ಪ್ಯಾನಿಷ್‌ನಲ್ಲಿ ಅದು ನಮ್ಮ ಚಕ್ಕುಲಿಯ ಚ. ಊರು ಗ್ವಾದಲಹಾರಾ, ಗ್ವಾಡಲಜಾರ ಅಲ್ಲ.

ಮುಳ್ಳೇರಿಯ ಟೀಚರ್

ತುಂಬಾ ಉಪಕಾರ ಆಯ್ತು. ಫೈನಲ್‌ಗೆ ಒಂದು ಕಷ್ಟದ ಪ್ರಶ್ನೆ ಬೇಕಿತ್ತು. ಬರೀ ಇಸವಿ ಕೇಳಿದರೆ ಬಾಯಿಪಾಠದವರೇ ಗೆಲ್ಲುವುದು.

ಬೈಲಕರೆ

287 ಎಂಬ ಸಂಖ್ಯೆ ಹಿಡಿದುಕೊಂಡು ಕೇಳಿ. ಅದು ನಾಲ್ಕು ದಿನದ ಒಟ್ಟು ಹೊಡೆತ, ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದವರೇ ಗೆಲ್ಲುವುದು.

2005ರ ಯು.ಎಸ್. ಮಹಿಳಾ ಓಪನ್, ಕೊಲರಾಡೋದ ಚೆರ್ರಿ ಹಿಲ್ಸ್. ಕೊನೆಯ ದಿನ, ಕೊನೆಯದಾದ 18ನೇ ಹೋಲ್ (ಗುಳಿ), ಪಾರ್ (ನಿಗದಿತ ಹೊಡೆತ) 4, ಎಡಗಡೆ ಉದ್ದಕ್ಕೂ ನೀರು. ಒಚೋವಾ ಮೊದಲ ಹೊಡೆತಕ್ಕೆ ಹೊಡೆದ ಚೆಂಡು ಎಡಕ್ಕೆ ಎಳೆದು ಸೀದಾ ನೀರಿಗೆ. ನೀರಿಗೆ ಬಿದ್ದರೆ ಒಂದು ಹೊಡೆತ ದಂಡ, ಅಲ್ಲಿಗೇ ಎರಡು ಹೋಯ್ತು. ಆಮೇಲೂ ಸುಧಾರಿಸಲಿಲ್ಲ, ನಾಲ್ಕರಲ್ಲಿ ಮುಗಿಯಬೇಕಾದ ಹೋಲ್ ಎಂಟಕ್ಕೆ ಮುಗಿಯಿತು. ಒಟ್ಟು 291, ಆರನೇ ಸ್ಥಾನ ಹಂಚಿಕೊಂಡಳು. ಆ ವರ್ಷ ಬರ್ಡಿ ಕಿಮ್ ಗೆದ್ದದ್ದು 287ಕ್ಕೆ, ಅದೂ ಅದೇ 18ನೇ ಹೋಲ್‌ನಲ್ಲಿ ಬಂಕರ್‌ನ ಮರಳಿನಿಂದ ನೇರ ಗುಳಿಗೆ ಹಾಕಿ. ಅಂದರೆ ಒಚೋವಾ ಆ ಹೋಲ್‌ನಲ್ಲಿ ಬರೀ ಪಾರ್ ಮಾಡಿದ್ದರೆ ಸಮ ಆಗಿ ಪ್ಲೇಆಫ್ (ವಿಜೇತೆಯನ್ನು ಆರಿಸುವ ಹೆಚ್ಚುವರಿ ಆಟ).

ಎರಡು ವರ್ಷ ಬಿಟ್ಟು 2007ರ ಮಹಿಳಾ ಬ್ರಿಟಿಷ್ ಓಪನ್, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್. ಆ ನೆಲದಲ್ಲಿ ಮಹಿಳಾ ವೃತ್ತಿಪರರ ಟೂರ್ನಿ ನಡೆದದ್ದು ಅದೇ ಮೊದಲು. ಮೊದಲ ದಿನ 67 ಹೊಡೆದು ಮುಂದೆ ಹೋದವಳು ನಾಲ್ಕು ದಿನವೂ ಹಿಂದೆ ಬೀಳಲಿಲ್ಲ. ಅವಳ ಒಟ್ಟು 287, ಎರಡನೇ ಸ್ಥಾನದವರದ್ದು 291. ಸಂಖ್ಯೆ ಅವೇ, ಜಾಗ ಮಾತ್ರ ಅದಲುಬದಲು. ಅದು ಅವಳ ಮೊದಲ ಮೇಜರ್.

ಒಂದು ಎಚ್ಚರಿಕೆ: ಅಲ್ಲಿ ಒಂದು ದಿನದ ಸುತ್ತಿಗೆ ಪಾರ್ 73 ಇತ್ತು, 17ನೇ ಹೋಲನ್ನು ಮಹಿಳೆಯರಿಗೆ ಪಾರ್ 5 ಮಾಡಿದ್ದರು. ನಾಲ್ಕು ಸುತ್ತಿಗೆ 292, ಹಾಗಾಗಿ 287 ಅಂದರೆ ಪಾರ್‌ಗಿಂತ 5 ಕಡಿಮೆ. ಚೆರ್ರಿ ಹಿಲ್ಸ್‌ನಲ್ಲಿ ಪಾರ್ 71, ಅಲ್ಲಿ ಅದೇ 287 ಪಾರ್‌ಗಿಂತ 3 ಜಾಸ್ತಿ. 72ರ ಲೆಕ್ಕದಲ್ಲಿ ಹೋದರೆ ಎರಡೂ ಕಡೆ ತಪ್ಪುತ್ತದೆ.

ಚಂದ್ರಗಿರಿ ತೀರ

ಒಳ್ಳೆ ಪ್ರಶ್ನೆ ಆಗ್ತದೆ. ಹಾಗೇ ಅವಳು ಬಂದ ದಾರಿಯನ್ನೂ ಒಂದು ಸಾಲಿನಲ್ಲಿ ಹಾಕಬಹುದು: ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ, ಆಡಿದ 20 ಟೂರ್ನಿಗಳಲ್ಲಿ 12 ಗೆಲುವು. 2002ರಲ್ಲಿ ಕೆಳಹಂತದ ಫ್ಯೂಚರ್ಸ್ ಟೂರ್, ಅಲ್ಲಿಂದ 2003ರ ಎಲ್‌ಪಿಜಿಎ ಕಾರ್ಡ್ (ಟೂರ್‌ನಲ್ಲಿ ಆಡುವ ಅರ್ಹತೆ). ಅವಳ ನಂತರ ಎಲ್‌ಪಿಜಿಎ ಗೆದ್ದ ಮೆಕ್ಸಿಕೋದವಳು ಗ್ಯಾಬಿ ಲೋಪೆಸ್, 2018ರಲ್ಲಿ. "ಗೆದ್ದ ಏಕೈಕ ಮೆಕ್ಸಿಕನ್" ಅಂತ ಸೂಚಿಕೆಯಲ್ಲಿ ಇದ್ದರೆ ಅದನ್ನೂ ತಿದ್ದಿ.

ಪೆರ್ಲದಿಂದ

ಇನ್ನೊಂದು. 2007ರ ಪ್ರಶ್ನೆಯಲ್ಲಿ "ಮಹಿಳಾ ಬ್ರಿಟಿಷ್ ಓಪನ್" ಅಂತಲೇ ಬರೆಯಿರಿ. ಬರೀ "ಬ್ರಿಟಿಷ್ ಓಪನ್" ಅಂದರೆ ಅದು ಪುರುಷರದ್ದು, ಆ ವರ್ಷ ಕಾರ್ನೂಸ್ಟಿಯಲ್ಲಿ ನಡೆದದ್ದು, ಗೆದ್ದದ್ದು ಪಾಡ್ರಿಗ್ ಹ್ಯಾರಿಂಗ್ಟನ್. ಯಾವುದಾದರೂ ತಂಡ ಎದ್ದು ನಿಂತು ಆಕ್ಷೇಪ ಮಾಡಿದರೆ ಪಾಯಿಂಟ್ ಕೊಡಬೇಕಾದೀತು.

ಮುಳ್ಳೇರಿಯ ಟೀಚರ್

ತಿದ್ದಿದೆ. "ಸತತ" ಮತ್ತು "ಮಹಿಳಾ" ಎರಡಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಹಾಕಿ ಇಟ್ಟಿದ್ದೇನೆ. ಮಲಯಾಳದ ಪ್ರತಿಯಲ್ಲೂ ಬದಲಿಸಲು ಹೇಳ್ತೇನೆ, ಇಲ್ಲವಾದರೆ ಎರಡು ಭಾಷೆಯವರಿಗೆ ಎರಡು ಉತ್ತರ ಆದೀತು.