ಸೆಕ್ಯೂರಿಟಿ ಗಾರ್ಡು, ಸೆಕ್ಯೂರಿಟಿ ಡೆಪಾಸಿಟ್ಟು, ಷೇರು ಮಾರ್ಕೆಟ್ಟಿನ ಸೆಕ್ಯೂರಿಟೀಸು: ಮೂರಕ್ಕೂ ಒಂದೇ ಪದ ಹೆಂಗೆ?

ಬಾಡಿಗೆಮನೆ_ನಿವಾಸಿ:
ಬೆಂಗ್ಳೂರಲ್ಲಿ ಹೊಸ ಮನೆ ಅಗ್ರಿಮೆಂಟ್ ಓದ್ತಿದ್ದೆ, ನಾವೆಲ್ಲ ಅಡ್ವಾನ್ಸ್ ಅನ್ನೋದನ್ನ ಅದ್ರಲ್ಲಿ ಸೆಕ್ಯೂರಿಟಿ ಡೆಪಾಸಿಟ್ ಅಂತ ಬರ್ದಿದಾರೆ. ಗೇಟಲ್ಲಿ ಕೂತಿರೋರೂ ಸೆಕ್ಯೂರಿಟಿ, ಷೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಸೆಬಿಯ ಪೂರ್ತಿ ಹೆಸ್ರಲ್ಲೂ ಸೆಕ್ಯೂರಿಟೀಸ್. ಕಾವಲಿಗೂ ದುಡ್ಡಿಗೂ ಏನ್ ಸಂಬಂಧ? ಸೇಫ್ಟಿ ಅಂದ್ರೂ ಇದೇನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಪದಗಳ_ಬೆನ್ನಟ್ಟಿ:
ಮೂಲ ಲ್ಯಾಟಿನ್ನಿನ ಸೆಕ್ಯೂರುಸ್. ಸೆ ಅಂದ್ರೆ ಇಲ್ಲದೆ, ಕೂರಾ ಅಂದ್ರೆ ಚಿಂತೆ, ಆರೈಕೆ, ಎರಡೂ ಸೇರಿದ್ರೆ ನಿಶ್ಚಿಂತೆ. ಅಂದ್ರೆ ಶುರುನಲ್ಲಿ ಇದು ಬೀಗ, ಕಾವಲು ಯಾವುದೂ ಅಲ್ಲ, ಮನಸ್ಸು ನಿರಾಳವಾಗಿರೋದು ಅಷ್ಟೇ. ಕ್ಯೂರ್, ಮ್ಯೂಸಿಯಮ್ಮಿನ ಕ್ಯುರೇಟರ್ ಕೂಡ ಅದೇ ಕೂರಾದಿಂದ ಬಂದಿದ್ದು. ನಾವು ದಿನಾ ಹೇಳೋ ಶ್ಯೂರ್ ಇದೆಯಲ್ಲ, ಅದೂ ಇದೇ ಪದ, ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂತು. ಸೆಕ್ಯೂರ್ ಅನ್ನೋದನ್ನ 16ನೇ ಶತಮಾನದಲ್ಲಿ ಲ್ಯಾಟಿನ್ನಿಂದ ಮತ್ತೆ ನೇರವಾಗಿ ತಗೊಂಡ್ರು.

ಬ್ಯಾಂಕ್_ರಿಟೈರ್ಡ್:
ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೀನಿ. ಕೋರ್ಟಲ್ಲಿ ಜಾಮೀನಿಗೆ ಶ್ಯೂರಿಟಿ ಕೊಡ್ತಾರಲ್ಲ, ಅದೂ ಸೆಕ್ಯೂರಿಟಿಯ ಒಡಹುಟ್ಟು. ಸಾಲ ಕೊಟ್ಟವರು ನಿಶ್ಚಿಂತೆಯಿಂದ ಇರ್ಲಿ ಅಂತ ಅಡ ಇಡೋದೇ ಸೆಕ್ಯೂರಿಟಿ, ನಿಮ್ಮ ಮನೆ ಓನರ್ ಇಟ್ಕೊಂಡಿರೋ ಡೆಪಾಸಿಟ್ಟೂ ಅದೇ ಲೆಕ್ಕ. ಬರ್ತಾ ಬರ್ತಾ ಸಾಲದ ಬಾಂಡ್ ಪತ್ರಕ್ಕೇ ಆ ಹೆಸ್ರು ಅಂಟ್ಕೊಂಡ್ತು, ಆಮೇಲೆ ಷೇರಿಗೂ, 1992ರ ಸೆಬಿ ಕಾಯ್ದೆ ಹೆಸ್ರಲ್ಲಿರೋದು ಈ ಅರ್ಥವೇ. ಆದ್ರೆ ಹೊಸದಾಗಿ ಮಾರ್ಕೆಟ್ಟಿಗೆ ಬರೋರು ಒಂದು ಗಮನದಲ್ಲಿಟ್ಕೊಳ್ಳಿ, ಷೇರಿನ ಹಿಂದೆ ನಿಮ್ಮ ದುಡ್ಡಿಗೆ ಅಂತ ಯಾರೂ ಏನೂ ಅಡ ಇಟ್ಟಿರಲ್ಲ.

ನಾಟಕ_ಪ್ರೇಮಿ:
ಇಂಗ್ಲಿಷಲ್ಲಿ ಹಿಂದೆ ಸೆಕ್ಯೂರಿಟಿಗೆ ಮೈಮರೆವು, ಅತಿಯಾದ ಧೈರ್ಯ ಅನ್ನೋ ಅರ್ಥಾನೂ ಇತ್ತು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಮೂರನೇ ಅಂಕದಲ್ಲಿ ಮಾಟಗಾತಿಯರ ದೇವತೆ ಹೆಕಟೆ, ಸೆಕ್ಯೂರಿಟಿನೇ ಮನುಷ್ಯರ ದೊಡ್ಡ ಶತ್ರು ಅಂತಾಳೆ. ಈಗಿನ ಅರ್ಥ ಇಟ್ಕೊಂಡು ಓದಿದ್ರೆ ಆ ಮಾತು ತಲೆಬುಡ ಅರ್ಥ ಆಗಲ್ಲ.

ಶಿಫ್ಟ್_ಇಂಚಾರ್ಜ್:
ಸೇಫ್ಟಿ ಬೇರೆ ಪದ ಸರ್. ಅದು ಲ್ಯಾಟಿನ್ನಿನ ಸಾಲ್ವುಸ್‌ನಿಂದ ಬಂದಿದ್ದು, ಅಂದ್ರೆ ಪೂರ್ತಿಯಾಗಿ, ಊನ ಇಲ್ಲದೆ ಇರೋದು. ನಮ್ಮ ಸರ್ವ ಇದೆಯಲ್ಲ, ಸಂಸ್ಕೃತದ್ದು, ಅದಕ್ಕೂ ಇದಕ್ಕೂ ಬೇರು ಒಂದೇ. ಕೆಲಸದ ಜಾಗದಲ್ಲಿ ನಾವು ಅಪಘಾತ ತಡೆಯೋದಕ್ಕೆ ಸೇಫ್ಟಿ ಅಂತೀವಿ, ಬೇಕಂತ್ಲೇ ಯಾರಾದ್ರೂ ಮಾಡೋ ಕಳ್ಳತನ, ದಾಳಿ ತಡೆಯೋದಕ್ಕೆ ಸೆಕ್ಯೂರಿಟಿ. ಕನ್ನಡದ ಬೋರ್ಡುಗಳಲ್ಲೂ ನೋಡಿ, ಮಷೀನ್ ಹತ್ರ ಸುರಕ್ಷತೆ ಅಂತಿರತ್ತೆ, ಗೇಟಲ್ಲಿ ಭದ್ರತಾ ಸಿಬ್ಬಂದಿ ಅಂತಿರತ್ತೆ.