ಹಳೆ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಹಿಡಿ: ಇದು ಬೀಟೆನಾ, ಬೇರೆ ಮರಾನಾ?

ಮೂಡಿಗೆರೆಯವ:
ನಮಸ್ಕಾರ. ಓಹಿಯೊದ ಕೊಲಂಬಸ್ ಹತ್ತಿರ ಒಂದು ಎಸ್ಟೇಟ್ ಸೇಲ್‌ನಲ್ಲಿ (ತೀರಿಹೋದವರ ಮನೆ ಸಾಮಾನು ಮಾರುವ ಕಡೆ) ಸ್ಮಿತ್ ಅಂಡ್ ವೆಸನ್ ಮಾಡೆಲ್ 19 ತಗೊಂಡೆ. ಸಿಲಿಂಡರ್ ಹೊರಗೆ ತಿರುಗಿಸಿದರೆ ಸಂದಿಯಲ್ಲಿ 19-3 ಅಂತ ಮುದ್ರೆ ಇದೆ. ಹಿಡಿ ದಪ್ಪದ್ದು, ಎರಡೂ ಕಡೆ ಜಾರದಂತೆ ಚೌಕುಳಿ ಗೀರು ಕೆತ್ತಿದ್ದಾರೆ. ಮಾರಿದವರು "ರೋಸ್‌ವುಡ್, ಅದಕ್ಕೇ ರೇಟು ಜಾಸ್ತಿ" ಅಂದರು. ನಮ್ಮ ಮನೆಯ ಬಾಗಿಲು, ಮಂಚ, ಅಡಿಕೆ ಪೆಟ್ಟಿಗೆ ಎಲ್ಲಾ ಬೀಟೆ, ಅಂದರೆ ನಮ್ಮ ಕಡೆಯ ರೋಸ್‌ವುಡ್. ಈ ಹಿಡಿಯಲ್ಲಿ ಆ ನೇರಳೆ ಛಾಯೆ ಕಾಣಿಸುತ್ತಿಲ್ಲ. ಕೆಂಪು ಕಂದು, ಅದರ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆ. ವಾಲ್‌ನಟ್ (ಅಕ್ರೋಟ್ ಮರ) ಇರಬಹುದಾ? ಹಾಳು ಮಾಡದೆ ಕಂಡುಹಿಡಿಯೋದು ಹೇಗೆ?

ಡಿಪೋ ಶಿವಮೊಗ್ಗ:
ತಮ್ಮಾ, ನಾನು ಪಿಸ್ತೂಲು ಮುಟ್ಟಿದವನಲ್ಲ. ಟಿಂಬರ್ ಡಿಪೋದಲ್ಲಿ ಕೂದಲು ಬೆಳ್ಳಗಾದವನು. ಮೊದಲು ಗುಂಡು ಇಲ್ಲ ಅಂತ ನೋಡಿಕೊಂಡು ಹಿಡಿ ಬಿಚ್ಚು, ಎರಡು ಹೋಳಾಗಿ ಬರುತ್ತದೆ.

ಬಣ್ಣ ನಂಬಬೇಡ. ಪಾಲಿಶ್, ಕೈ ಎಣ್ಣೆ, ಬಿಸಿಲು ಸೇರಿದರೆ ಯಾವ ಮರವೂ ಯಾವ ಬಣ್ಣಕ್ಕಾದರೂ ತಿರುಗುತ್ತದೆ. ನಮ್ಮಲ್ಲಿ ಮತ್ತಿ ಮರಕ್ಕೆ ಬಣ್ಣ ಹೊಡೆದು ಬೀಟೆ ಅಂತ ಮಾರಿದವರನ್ನು ಬೇಕಾದಷ್ಟು ನೋಡಿದ್ದೇನೆ.

ತೂಕ ನೋಡು. ಅಡುಗೆಮನೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಾ. ಹಿಡಿಯ ಒಂದು ಹೋಳನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ತಳ ತಾಗದಂತೆ ಪೂರ್ತಿ ಮುಳುಗಿಸು. ತೇಲಿದರೆ ಸೂಜಿಯಿಂದ ಒತ್ತಿ ಹಿಡಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಸಿ.ಸಿ. ಅದರ ಗಾತ್ರ. ಒಣಗಿದ ಹೋಳಿನ ತೂಕವನ್ನು ಅದರಿಂದ ಭಾಗಿಸು. ವಾಲ್‌ನಟ್ ಆದರೆ 0.6, 0.65 ಬರುತ್ತದೆ. ಬೀಟೆ 0.85ರ ಆಸುಪಾಸು. ಲೋಹದ ಬಿಲ್ಲೆ ಇದ್ದರೆ ಸ್ವಲ್ಪ ಜಾಸ್ತಿ ತೋರಿಸುತ್ತದೆ.

ಬೀಟೆಯಲ್ಲೂ ಒಂದು ಮರ ಹಗುರ, ಒಂದು ಮರ ಭಾರ. ಆದ್ದರಿಂದ ಇನ್ನೊಂದು ಪರೀಕ್ಷೆ. ಹೋಳಿನ ಒಳಮೈಯಲ್ಲಿ, ಪಾಲಿಶ್ ಇಲ್ಲದ ಕಡೆ, ಸ್ಪಿರಿಟ್ ಅದ್ದಿದ ಬಿಳಿ ಹತ್ತಿ ಉಜ್ಜು. ಬೀಟೆಗೆ ಪಾಲಿಶ್ ಹೊಡೆದವರಿಗೆಲ್ಲ ಗೊತ್ತು, ಬಟ್ಟೆಗೆ ನೇರಳೆ ಬಣ್ಣ ಹತ್ತುತ್ತದೆ. ಅಲ್ಲೇ ಬ್ಲೇಡಿನಿಂದ ಚಿಟಿಕೆ ಪುಡಿ ಕೆರೆದು ಮೂಸು. ಬೀಟೆಯ ಸಿಹಿ ವಾಸನೆ ನಿನಗೆ ನಾನು ಹೇಳಿಕೊಡಬೇಕಾ?

ಟೆಕ್ಸಾಸ್ ಗೌಡ:
ಡಿಪೋ ಸರ್ ಹೇಳಿದ್ದಕ್ಕೆ ಕಂಪನಿ ಕಡೆಯ ಮಾಹಿತಿ ಸೇರಿಸುತ್ತೇನೆ. ಸ್ಮಿತ್ ಅಂಡ್ ವೆಸನ್‌ನ ಹಳೆ ಮರದ ಹಿಡಿಗಳಲ್ಲಿ ವಾಲ್‌ನಟ್ಟೇ ಜಾಸ್ತಿ. 1950ರ ದಶಕದ ಕೊನೆಯಿಂದ ದಪ್ಪ ಟಾರ್ಗೆಟ್ ಹಿಡಿಗಳಿಗೆ (ಗುರಿ ಹೊಡೆಯುವವರಿಗೆ ಅಂತ ಮಾಡಿದ್ದು) ಗೊನ್ಸಾಲೊ ಆಲ್ವೆಸ್ ಅನ್ನೋ ಬ್ರೆಜಿಲ್ ಕಡೆಯ ಮರ ಬಂತು. ನೀವು ಹೇಳಿದ ಕೆಂಪು ಕಂದು, ಕಪ್ಪು ಪಟ್ಟೆ ಅದರದ್ದೇ. ರೋಸ್‌ವುಡ್ ಹಿಡಿಯನ್ನೂ ಮಾಡಿದ್ದಾರೆ, ಆದರೆ ಅಪರೂಪ. ಅದಕ್ಕೇ ಮಾರುವವರು ಪಟ್ಟೆ ಇರೋದಕ್ಕೆಲ್ಲ ಆ ಹೆಸರು ಇಡುತ್ತಾರೆ.

ಇನ್ನೊಂದು ನೋಡಿ. ಸ್ಕ್ರೂ ಸುತ್ತ ಗೀರಿಲ್ಲದ ಡೈಮಂಡ್ ಆಕಾರ ಇದೆಯಾ? ಇದ್ದರೆ ಹಿಡಿ 1968ಕ್ಕಿಂತ ಹಿಂದಿನದು ಅಂತ ಲೆಕ್ಕ. ಆಮೇಲೆ ಅದನ್ನು ಕೈಬಿಟ್ಟರು. 19-3 ಅಂದರೆ ಮಾಡೆಲ್ 19ರ ಮೂರನೇ ಮಾರ್ಪಾಡು, ಅದು ಶುರುವಾಗಿದ್ದು 1967ರಲ್ಲಿ. ಯಾರಾದರೂ ಹಿಡಿ ಬದಲಾಯಿಸಿರಲೂಬಹುದು.

ಮೂಡಿಗೆರೆಯವ:
ಡೈಮಂಡ್ ಇಲ್ಲ. ಒಂದು ಹೋಳು 61 ಗ್ರಾಂ, ಗಾತ್ರ 64 ಸಿ.ಸಿ. ಅಂದರೆ 0.95. ಹತ್ತಿಗೆ ತಿಳಿ ಕಂದು ಬಿಟ್ಟರೆ ಏನೂ ಹತ್ತಲಿಲ್ಲ. ಪುಡಿ ಮೂಸಿದೆ, ವಾಸನೆಯೇ ಇಲ್ಲ ಅನ್ನಬಹುದು. ಕೈಗೆ ಮೇಣದ ಹಾಗೆ ನುಣುಪು. ಲೆನ್ಸ್‌ನಲ್ಲಿ ಹಿಡಿಯ ತಳ ನೋಡಿದರೆ ಸಣ್ಣ ತೂತುಗಳು ಎಲ್ಲಾ ಕಡೆ ಒಂದೇ ಸಮ ಹರಡಿವೆ, ಎಷ್ಟೋ ಮುಚ್ಚಿಹೋಗಿವೆ.

ಡಿಪೋ ಶಿವಮೊಗ್ಗ:
ಹಾಗಾದರೆ ವಾಲ್‌ನಟ್ ಅಂತೂ ಅಲ್ಲ. ಅದರ ತೂತು ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡದಾಗಿದ್ದು ಹೊರಗೆ ಹೋಗ್ತಾ ಸಣ್ಣದಾಗುತ್ತದೆ. ಬಣ್ಣ ಬಿಡದ, ವಾಸನೆ ಇಲ್ಲದ ಬೀಟೆ ನಾನು ಕಂಡಿಲ್ಲ. ಗೌಡರು ಹೇಳಿದ ಮರವೇ ಸರಿ ಅನ್ನಿಸುತ್ತದೆ. ಅದು ನಮ್ಮ ಮಾವು, ಗೇರಿನ ಕುಟುಂಬದ್ದು ಕಣಯ್ಯ. ಪುಡಿ ಕೆಲವರಿಗೆ ಚರ್ಮದ ಮೇಲೆ ಗುಳ್ಳೆ ಎಬ್ಬಿಸುತ್ತದೆ, ಕೈ ತೊಳೆದುಕೋ.

ಟೆಕ್ಸಾಸ್ ಗೌಡ:
ಇದು ಆ ಕಾಲದ ಮೂಲ ಹಿಡಿಯೇ ಇರಬೇಕು, ಮಾಡೆಲ್‌ಗೂ ಹೊಂದುತ್ತದೆ. ರೋಸ್‌ವುಡ್ ಅಂತ ಜಾಸ್ತಿ ಕೊಟ್ಟಿದ್ದರೆ ಅಷ್ಟು ದುಡ್ಡು ಹೋಯಿತು, ಆದರೆ ಚೆನ್ನಾಗಿರೋ ಗೊನ್ಸಾಲೊಗೂ ಕೊಳ್ಳುವವರಿದ್ದಾರೆ. ದಯವಿಟ್ಟು ಹೊಳಪು ಬರಲಿ ಅಂತ ಸ್ಯಾಂಡ್ ಪೇಪರ್ ಹಚ್ಚಬೇಡಿ, ಗೀರಿನ ಮೊನೆ ಸವೆದರೆ ಬೆಲೆ ಇಳಿಯುತ್ತದೆ. ವಾಪಸ್ ಕೂರಿಸುವಾಗ ಸ್ಕ್ರೂ ಹಗುರವಾಗಿ ತಿರುಗಿಸಿ. ಜಾಸ್ತಿ ಬಿಗಿ ಮಾಡಿದರೆ ತೂತಿನ ಹತ್ತಿರವೇ ಸೀಳು ಬಿಡುತ್ತದೆ.